ಕನ್ನಡ ಸಂಶೋಧನ ಪತ್ರಿಕೆಗಳ ಲೇಖನಸೂಚಿ

ಗ್ರಂಥವೊಂದು ಭಂಡಾರದಲ್ಲಿದ್ದೂ ಅದರ ಇರವು ತಿಳಿಯದಿದ್ದರೆ ಅದು ನಷ್ಟಪ್ರಾಯವೇ ಸರಿ. ಓಲೆಗರಿಯ ವಿಷಯದಲ್ಲಿ ಎಲ್ಲರೂ ಒಪ್ಪುವ ಈ ಮಾತು ಅಚ್ಚಾದ ಲೇಖನಕ್ಕೂ ಸಲ್ಲುವುದೆಂಬುದನ್ನು ವಿದ್ವಾಂಸರು ಅಷ್ಟಾಗಿ ಗಮನಿಸಿದಂತಿಲ್ಲ. ಕನ್ನಡ ಸಾಹಿತ್ಯ ಪರಿಷತ್ಪತ್ರಿಕೆಯು 1916ರಲ್ಲಿಯೂ ಪ್ರಬುದ್ಧ ಕರ್ಣಾಟಕವು 1919ರಲ್ಲಿಯೂ ಆರಂಭವಾದುವು. ಅಂದಿನಿಂದ ಕವಿಕಾಲ, ಪಾಠಶುದ್ಧಿ, ಛಂದಸ್ಸು, ಶಾಸನಾರ್ಥ ಇವುಗಳನ್ನು ಕುರಿತ ಎಷ್ಟೋ ಚರ್ಚೆಗಳು ನಿಯತಕಾಲಿಕೆಗಳಲ್ಲಿಯೇ ನಡೆದು, ಗ್ರಂಥರೂಪಕ್ಕೆ ಬಾರದೆ ಅಲ್ಲಿಯೇ ಉಳಿದಿವೆ. ಅವು ಕೈಗೆ ಸಿಕ್ಕದಿದ್ದಲ್ಲಿ, ಒಮ್ಮೆ ಪರಿಹಾರವಾದ ಸಂದೇಹವನ್ನೇ ಮುಂದಿನವರು ಹೊಸದೆಂದು ಭಾವಿಸಿ ಮತ್ತೆ ಎತ್ತುವರು. ಖಂಡಿತವಾದ ಪಕ್ಷವೇ ಸಿದ್ಧಾಂತವೆಂಬಂತೆ ತರಗತಿಗಳಲ್ಲಿ ನೆಲೆಗೊಳ್ಳುವುದು. ಹಾನಿಯು ಹುಡುಕುವವನಿಗೆ ಮಾತ್ರವಲ್ಲ, ಶಾಸ್ತ್ರಕ್ಕೇ ತಟ್ಟುತ್ತದೆ.

ಸೂಚಿಯನ್ನು ಸಿದ್ಧಪಡಿಸುವುದು ಗುಮಾಸ್ತೆಯ ಕೆಲಸ, ಪಾಂಡಿತ್ಯಕ್ಕೆ ಸೇರಿದುದಲ್ಲ ಎಂಬುದೊಂದು ಪಕ್ಷ. ಇದು ಪರಂಪರೆಗೆ ವಿರುದ್ಧವಾದುದು. ಕಾತ್ಯಾಯನನ ಸರ್ವಾನುಕ್ರಮಣಿಯು ಋಗ್ವೇದದ ಸೂಕ್ತ ಸೂಕ್ತಕ್ಕೂ ಪ್ರತೀಕ, ಋಕ್ಸಂಖ್ಯೆ, ಋಷಿ, ದೇವತೆ, ಛಂದಸ್ಸು ಇವುಗಳನ್ನು ಹೇಳುತ್ತದೆ. ಋಷಿಯು ದ್ರಷ್ಟೃವೇ ಹೊರತು ಕರ್ತೃವಲ್ಲವೆಂಬ ಮೀಮಾಂಸಕರ ನಿಯಮವನ್ನು ಬಿಟ್ಟುಕೊಡದೆಯೇ, ಪ್ರತೀಕವು ಶೀರ್ಷಿಕೆಯ ಸ್ಥಾನದಲ್ಲಿಯೂ ದೇವತೆಯು ವಿಷಯದ ಸ್ಥಾನದಲ್ಲಿಯೂ ನಿಲ್ಲುವುವೆಂದು ಹೇಳಬಹುದು. ಇಂದು ಗ್ರಂಥಾಲಯಶಾಸ್ತ್ರಜ್ಞರು ಮೆಟಾಡೇಟಾ ಎಂದು ಕರೆಯುವುದು ಇಂತಹ ವಿವರವನ್ನೇ. 1995ರಲ್ಲಿ ಅಮೆರಿಕದ ಓಹಾಯೋ ಸಂಸ್ಥಾನದ ಡಬ್ಲಿನ್ ನಗರದ ಗೋಷ್ಠಿಯಿಂದ ಮೊದಲಾದ ಡಬ್ಲಿನ್ ಕೋರ್ ಪದ್ಧತಿಯ 15 ಅಂಶಗಳಲ್ಲಿಯೂ ಶೀರ್ಷಿಕೆ, ಕರ್ತೃ, ವಿಷಯ, ಕಾಲ, ಭಾಷೆಗಳೇ ಮುಖ್ಯವಾಗಿವೆ.

ಈ ದೃಷ್ಟಿಯಿಂದ ನೋಡಿದರೆ ಕನ್ನಡ ಲೇಖನಗಳ ಮೊದಲನೆಯ ದೋಷವು ಶೀರ್ಷಿಕೆಯಲ್ಲಿದೆ. 'ಒಂದು ವಿಚಾರ', 'ಕೆಲವು ಸಂದೇಹಗಳು' ಎಂಬಂತಹ ಹೆಸರುಗಳು ವಿನಯವನ್ನು ತೋರಬಹುದು, ವಿಷಯವನ್ನು ತೋರಲಾರವು. ಎರಡನೆಯದು ವಿಷಯಪದಗಳ ಆಯ್ಕೆ. ಲಕ್ಷಣಕ್ಕೆ ನೈಯಾಯಿಕರು ಹೇಳುವ ಮೂರು ದೋಷಗಳೂ ಇಲ್ಲಿ ಅನ್ವಯಿಸುತ್ತವೆ. ರಗಳೆಯನ್ನು ಕುರಿತ ಲೇಖನಕ್ಕೆ 'ಸಾಹಿತ್ಯ' ಎಂಬುದೊಂದೇ ಪದವನ್ನು ಕೊಟ್ಟರೆ ಅತಿವ್ಯಾಪ್ತಿ. ಹುಡುಕುವವನಿಗೆ ಸಾವಿರ ಲೇಖನಗಳು ದೊರೆತು ಬೇಕಾದುದು ಮುಳುಗುವುದು. 'ಮಂದಾನಿಲರಗಳೆ' ಎಂಬುದನ್ನು ಮಾತ್ರ ಕೊಟ್ಟರೆ ಅವ್ಯಾಪ್ತಿ. ಉಳಿದ ರಗಳೆಗಳ ಚರ್ಚೆ ಮರೆಯಾಗುವುದು. ಲೇಖನದಲ್ಲಿಲ್ಲದ ಪದವನ್ನು ಪ್ರತಿಷ್ಠೆಗಾಗಿ ಸೇರಿಸುವುದು ಅಸಂಭವ. 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದ ಎಸ್. ಆರ್. ರಂಗನಾಥನ್ ಅವರ ಶೃಂಖಲಾಕ್ರಮವು ಸಾಮಾನ್ಯದಿಂದ ವಿಶೇಷದವರೆಗಿನ ಮೆಟ್ಟಿಲುಗಳನ್ನು ಸೂಚಿಗೆ ತರುವುದರಿಂದ, ಈ ದೋಷಗಳಲ್ಲಿ ಮೊದಲಿನೆರಡನ್ನು ಬಹುಮಟ್ಟಿಗೆ ನಿವಾರಿಸಬಲ್ಲದು.

ಮೂರನೆಯದು ನಾಮಭೇದ. ಗಣಕಯಂತ್ರವು ಲೇಖನದ ಪ್ರತಿಯೊಂದು ಪದವನ್ನೂ ಹುಡುಕಬಲ್ಲುದಾದುದರಿಂದ ಸೂಚಿಯೇ ಅನಾವಶ್ಯಕವೆಂದು ಕೆಲವರು ಆಕ್ಷೇಪಿಸುವುದುಂಟು. ಯಂತ್ರವು ಶಬ್ದವನ್ನು ಹುಡುಕುವುದಲ್ಲದೆ ಶಬ್ದಗಳ ಏಕಾರ್ಥತೆಯನ್ನು ತಾನಾಗಿ ನಿಶ್ಚಯಿಸಿಕೊಳ್ಳುವುದೆಂಬ ಭರವಸೆಯಿಲ್ಲ. ವಿಕ್ರಮಾರ್ಜುನವಿಜಯವೇ ಪಂಪಭಾರತ, ಗದುಗಿನ ನಾರಣಪ್ಪನೇ ಕುಮಾರವ್ಯಾಸ, ಅಂಬಿಕಾತನಯದತ್ತರೇ ಬೇಂದ್ರೆ ಎಂಬುದನ್ನು ಸೂಚಿಕಾರನು ಹೇಳಿಯೇ ತೀರಬೇಕು. ಕವಿರಾಜಮಾರ್ಗದ ವಿಷಯವಂತೂ ಇನ್ನೂ ಸೂಕ್ಷ್ಮ. ಅದರ ಕರ್ತೃತ್ವವನ್ನು ನೃಪತುಂಗನಿಗೆ ಹೇಳಿದವರುಂಟು, ಶ್ರೀವಿಜಯನಿಗೆ ಹೇಳಿದವರುಂಟು. ಒಂದೇ ಹೆಸರಿನ ಕೆಳಗೆ ಲೇಖನಗಳನ್ನೆಲ್ಲ ಹಾಕಿದರೆ ಸೂಚಿಯೇ ವಿವಾದವನ್ನು ತೀರ್ಮಾನಿಸಿದಂತಾಗುವುದು. ಗ್ರಂಥದ ಹೆಸರನ್ನು ಪ್ರಧಾನವಾಗಿಟ್ಟು, ಎರಡು ಹೆಸರುಗಳಿಂದಲೂ ಅಲ್ಲಿಗೆ ದಾರಿ ತೋರುವುದೇ ನ್ಯಾಯ. ಇಂತಹ ವಿವೇಚನೆಯು ಪಾಂಡಿತ್ಯವಲ್ಲದೆ ಮತ್ತೇನು?

ನಾಲ್ಕನೆಯ ತೊಡಕು ಲಿಪಿಗೆ ಸಂಬಂಧಿಸಿದುದು. ಹಳೆಯ ಸಂಪುಟಗಳ ಪುಟಗಳನ್ನು ಚಿತ್ರಗಳಾಗಿ ತೆಗೆದಿಟ್ಟಷ್ಟರಿಂದಲೇ ಅವು ಶೋಧನಯೋಗ್ಯವಾಗವು. ಚಿತ್ರದಲ್ಲಿ ಅಕ್ಷರವು ಕಣ್ಣಿಗುಂಟು, ಯಂತ್ರಕ್ಕಿಲ್ಲ. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ರೋಮನ್ ಸಂಕೇತಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಇರಿಸಲಾಗಿತ್ತು. ಅವುಗಳಲ್ಲಿ ಜೋಡಿಸಿದ ಲೇಖನವು ಓದುವವನಿಗೆ ಕನ್ನಡವಾಗಿದ್ದರೂ ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿರುವಾಗ ಈ ಪದ್ಧತಿಯನ್ನು ಮುಂದುವರಿಸುವುದು ಉಚಿತವಲ್ಲ. ಇದಲ್ಲದೆ 'ಹೞಗನ್ನಡ' ಎಂದು ಬರೆದುದು 'ಹಳಗನ್ನಡ' ಎಂದು ಹುಡುಕುವವನಿಗೆ ಸಿಕ್ಕದೆ ಹೋಗಬಹುದು. ಶಕಟರೇಫೆ ಮತ್ತು ರಳಗಳನ್ನು ಮೂಲದಲ್ಲಿ ಕಾಪಾಡಿ, ಸೂಚಿಯಲ್ಲಿ ಎರಡು ರೂಪಗಳನ್ನೂ ಕೊಡಬೇಕು.

ಲೇಖನದ ಸಂಗ್ರಹವಾಕ್ಯಗಳಿಗೂ ಶಾಸ್ತ್ರಸಿದ್ಧವಾದ ಮಾದರಿಯಿದೆ. ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಾಲ್ಕೇ ವಾಕ್ಯಗಳಲ್ಲಿ ಹೇಳಿದರೆ ಸಾಕು. ಲೇಖನವು ಏನನ್ನು ಕುರಿತುದು, ಏನನ್ನು ಸಾಧಿಸಿತು, ಹಿಂದಿನ ಯಾವ ಚರ್ಚೆಗೆ ಸೇರಿದುದು, ಯಾರಿಗೆ ಬೇಕಾದುದು ಎಂಬುದು ಸ್ಪಷ್ಟವಾಗುವುದು. ಇದನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕೊಟ್ಟರೆ ಕನ್ನಡವರಿಯದ ಛಂದಶ್ಶಾಸ್ತ್ರಜ್ಞನಿಗೂ ಶಾಸನತಜ್ಞನಿಗೂ ಲೇಖನದ ಇರವು ತಿಳಿಯುವುದು.

ಇವುಗಳಲ್ಲಿ ಯಾವುದಕ್ಕೂ ಮಹತ್ತರವಾದ ಧನವ್ಯಯ ಬೇಕಿಲ್ಲ. ಲೇಖಕನು ವಿಷಯಸೂಚಕವಾದ ಹೆಸರನ್ನಿಡಲಿ. ಸಂಪಾದಕನು ನಾಮರೂಪಗಳನ್ನು ಏಕರೀತಿಗೆ ತರಲಿ. ಪತ್ರಿಕೆಯು ಪ್ರತಿವರ್ಷದ ಕೊನೆಯ ಸಂಚಿಕೆಯಲ್ಲಿ ಕರ್ತೃಸೂಚಿ, ವಿಷಯಸೂಚಿ, ಉಲ್ಲಿಖಿತಗ್ರಂಥಸೂಚಿಗಳನ್ನು ಪ್ರಕಟಿಸಲಿ. ಹಳೆಯ ಸಂಪುಟಗಳನ್ನು ಒಂದೊಂದಾಗಿ ಹಂಚಿಕೊಂಡು ಸೂಚಿ ಮಾಡುವ ಕೆಲಸವು ಸಾಹಿತ್ಯದ ಅಧ್ಯಾಪಕರಿಗೆ ಸಾಧ್ಯವಾದುದು, ಅವರ ವಿದ್ಯಾರ್ಥಿಗಳಿಗೆ ಉತ್ತಮವಾದ ಶಿಕ್ಷಣವೂ ಆದುದು. ಸೂಚಿಯು ಲೇಖನವನ್ನು ಓದಿದ ಫಲವನ್ನು ಕೊಡಲಾರದು; ಆದರೆ ಓದಬೇಕಾದ ಲೇಖನದ ಬಾಗಿಲಿಗೆ ಓದುಗನನ್ನು ತಂದು ನಿಲ್ಲಿಸುವುದು. ಪೂರ್ವವಿದ್ವಾಂಸರ ಶ್ರಮಕ್ಕೆ ಸಲ್ಲತಕ್ಕ ಗೌರವದಲ್ಲಿ ಇದು ಮೊದಲನೆಯದು.