ಹುಲ್ಲುಹಾಸಿನ ಮೇಲಿನ ಟ್ಯಾಂಕುಗಳು

2003ರ ಜುಲೈ ತಿಂಗಳಲ್ಲಿ ರೋಮನ್ ಅಬ್ರಮೊವಿಚ್ ಎಂಬ ರಷ್ಯನ್ ಶ್ರೀಮಂತ ಲಂಡನ್ನಿನ ಚೆಲ್ಸಿ ಫುಟ್‌ಬಾಲ್ ಕ್ಲಬ್ಬನ್ನು ಕೊಂಡ. ಕ್ಲಬ್ಬಿನ ಸಾಲವೂ ಸೇರಿ ಸುಮಾರು 14 ಕೋಟಿ ಪೌಂಡಿನ ವ್ಯವಹಾರ. ಅದೇ ಊರಿನ ಎದುರಾಳಿ ಕ್ಲಬ್ಬು ಆರ್ಸೆನಲ್. ಅದರ ಉಪಾಧ್ಯಕ್ಷನಾಗಿದ್ದ ಡೇವಿಡ್ ಡೀನ್ ಆಗ ಆಡಿದ ಒಂದು ಮಾತು ಇಪ್ಪತ್ತು ವರ್ಷ ಉಳಿದುಕೊಂಡಿತು. ಅಬ್ರಮೊವಿಚ್ ತನ್ನ ರಷ್ಯನ್ ಟ್ಯಾಂಕುಗಳನ್ನು ತಂದು ನಮ್ಮ ಅಂಗಳದ ಹುಲ್ಲುಹಾಸಿನ ಮೇಲೆ ನಿಲ್ಲಿಸಿದ್ದಾನೆ, ಅಲ್ಲಿಂದ ನಮ್ಮ ಮೇಲೆ ಐವತ್ತು ಪೌಂಡಿನ ನೋಟುಗಳನ್ನು ಹಾರಿಸುತ್ತಿದ್ದಾನೆ ಎಂದು ಅವನು ಹೇಳಿದ್ದ.

ಈ ಮಾತನ್ನು ನಾನು ಮೊದಲು ಕೇಳಿದ್ದು ಬೆಂಗಳೂರಿನ ಹಾಸ್ಟೆಲ್ಲೊಂದರ ಟಿವಿ ರೂಮಿನಲ್ಲಿ. ಸೀನಿಯರ್ ಒಬ್ಬರು ಕನ್ನಡದಲ್ಲೇ ಅಭಿನಯಿಸಿ ಹೇಳಿದ್ದರು. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ನಾನು ಆರ್ಸೆನಲ್ ಅಭಿಮಾನಿ. ಲಂಡನ್ ನೋಡಿದವನಲ್ಲ, ಹಾಸನದ ಕಡೆಯವನು. ಯಾವ ಕ್ಲಬ್ಬನ್ನು ಪ್ರೀತಿಸಬೇಕೆಂದು ನಾನೇ ಆರಿಸಿಕೊಂಡೆ. ಯಾರನ್ನು ದ್ವೇಷಿಸಬೇಕು ಎಂಬುದು ಮಾತ್ರ ಅದರ ಜೊತೆಗೆ ಉಚಿತವಾಗಿ ಬಂತು. ಎರವಲು ದ್ವೇಷಕ್ಕೆ ಒಂದು ಅನುಕೂಲವಿದೆ. ಅದರ ಕಾರಣಗಳನ್ನು ನಾವು ಪರೀಕ್ಷಿಸಬೇಕಾಗಿಲ್ಲ, ಮಾತುಗಳನ್ನು ಕಲಿತರೆ ಸಾಕು. ಆ ಮಾತುಗಳನ್ನು ಈಗ ಒಮ್ಮೆ ಪಠ್ಯದಂತೆ ಓದಿ ನೋಡಬೇಕೆನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಡೀನ್‌ನ ರೂಪಕದಿಂದಲೇ ಶುರು ಮಾಡೋಣ. ಅದರಲ್ಲಿ ಮೂರು ವಸ್ತುಗಳಿವೆ: ಟ್ಯಾಂಕು, ಹುಲ್ಲುಹಾಸು, ನೋಟು. ಟ್ಯಾಂಕು ಅವನದು, ಹುಲ್ಲುಹಾಸು ‘ನಮ್ಮದು’. ಲಂಡನ್ನಿನ ಫುಟ್‌ಬಾಲ್ ಎಂದರೆ ಹಳೆಯ ಮನೆತನವೊಂದರ ಅಂಗಳ, ಅದಕ್ಕೆ ಹೊರಗಿನವನೊಬ್ಬ ನುಗ್ಗಿದ್ದಾನೆ. ಇಲ್ಲಿನ ದೂರು ಏನು ಎಂಬುದನ್ನು ಗಮನಿಸಿ. ನೋಟುಗಳು ‘ನಮ್ಮ ಮೇಲೆ’ ಬೀಳುತ್ತಿವೆ ಎಂಬುದಷ್ಟೇ ದೂರು. ಅವು ಎಲ್ಲಿಂದ ಬಂದವು ಎಂಬುದು ಆ ವಾಕ್ಯದ ಕಾಳಜಿಯಲ್ಲ. ಟ್ಯಾಂಕಂತೂ ಬರೀ ಅಲಂಕಾರ. ರಷ್ಯಾ ಎಂದ ಕೂಡಲೇ ನೆನಪಾಗುವ ಸವಕಲು ಚಿತ್ರ. 2003ರಲ್ಲಿ ಚೆಚೆನ್ಯಾದಲ್ಲಿ ರಷ್ಯಾದ ಯುದ್ಧ ಇನ್ನೂ ಮುಗಿದಿರಲಿಲ್ಲ, ಅಲ್ಲಿ ಟ್ಯಾಂಕುಗಳು ನಿಜವಾದ ಮನೆಗಳ ಮೇಲೆ ನಿಜವಾದ ಗುಂಡು ಹಾರಿಸಿದ್ದವು. ಆದರೆ ಆ ಮಾತನ್ನು ಕೇಳಿ ನಕ್ಕವರಲ್ಲಿ ಯಾರಿಗಾದರೂ ಗ್ರೋಝ್ನಿ ಪಟ್ಟಣ ನೆನಪಾಗಿರಬಹುದು ಎಂದು ನನಗನ್ನಿಸುವುದಿಲ್ಲ.

ಮುಂದಿನ ವರ್ಷಗಳಲ್ಲಿ ಎದುರಾಳಿ ಅಭಿಮಾನಿಗಳ ಬಾಯಲ್ಲಿ ಬೆಳೆದ ಮಾತುಗಳೆಲ್ಲ ಇದೇ ಬೀಜದವು. ಪತ್ರಿಕೆಗಳು ಹುಟ್ಟಿಸಿದ ‘ಚೆಲ್ಸ್ಕಿ’ ಎಂಬ ಅಡ್ಡಹೆಸರನ್ನೇ ನೋಡಿ. ಹೆಸರಿನ ಬಾಲಕ್ಕೆ ಒಂದು ಪ್ರತ್ಯಯ ಅಂಟಿಸಿದರೆ ಸಾಕು, ಕ್ಲಬ್ಬು ಪರದೇಶಿಯಾಯಿತು. 2006ರಲ್ಲಿ ಆಶ್ಲಿ ಕೋಲ್ ಆರ್ಸೆನಲ್ ಬಿಟ್ಟು ಚೆಲ್ಸಿಗೆ ಹೋದಾಗ ನಮ್ಮವರು ಅವನನ್ನು ‘ಕ್ಯಾಶ್ಲಿ’ ಮಾಡಿದರು. ಲಿವರ್‌ಪೂಲ್ ಗ್ಯಾಲರಿಯ ಹಂಗಿಸುವಿಕೆ ಇನ್ನೊಂದು ಬಗೆಯದು. ಇತಿಹಾಸವನ್ನು ದುಡ್ಡು ಕೊಟ್ಟು ಕೊಳ್ಳಲಾಗದು, ಚೆಲ್ಸಿಗೆ ಅದು ಇಲ್ಲ ಎಂಬ ವರಸೆ. 1955ರಲ್ಲಿ ಒಮ್ಮೆ ಲೀಗ್ ಗೆದ್ದಿದ್ದ ಚೆಲ್ಸಿ ಮತ್ತೆ ಗೆದ್ದದ್ದು ಐವತ್ತು ವರ್ಷಗಳ ಮೇಲೆ, ಅಬ್ರಮೊವಿಚ್‌ನ ಹಣ ಬಂದ ಎರಡನೇ ಋತುವಿನಲ್ಲಿ. ಹಾಗಾಗಿ ಆ ಚುಚ್ಚುಮಾತಿಗೆ ಆಧಾರವಿತ್ತು. ಟಾಟೆನ್‌ಹ್ಯಾಮ್‌ನವರ ಸಂಕಟವಂತೂ ಲೆಕ್ಕ ಹಾಕಿ ತೋರಿಸಬಹುದಾದದ್ದು. 2012ರಲ್ಲಿ ಅವರು ಲೀಗಿನಲ್ಲಿ ನಾಲ್ಕನೆಯವರಾಗಿ ಚಾಂಪಿಯನ್ಸ್ ಲೀಗಿಗೆ ಅರ್ಹರಾಗಬೇಕಿತ್ತು. ಆರನೇ ಸ್ಥಾನದಲ್ಲಿದ್ದ ಚೆಲ್ಸಿ ಮ್ಯೂನಿಕ್‌ನಲ್ಲಿ ಆ ಕಪ್ಪನ್ನೇ ಗೆದ್ದುಬಿಟ್ಟಿತು, ಟಾಟೆನ್‌ಹ್ಯಾಮ್‌ನ ಜಾಗ ಹೋಯಿತು.

ಚೆಲ್ಸಿಯವರು ಈ ನಿಂದೆಯನ್ನು ಎದುರಿಸಿದ ರೀತಿ ನನಗೆ ಇನ್ನೂ ಸ್ವಾರಸ್ಯವಾಗಿ ಕಾಣುತ್ತದೆ. ಅವರು ಅದನ್ನು ಅಲ್ಲಗಳೆಯಲಿಲ್ಲ, ತೊಟ್ಟುಕೊಂಡರು. ರಷ್ಯನ್ ತುಪ್ಪುಳದ ಟೋಪಿ ಹಾಕಿಕೊಂಡು ಬಂದರು. ಕಲಿಂಕಾ ಎಂಬ ರಷ್ಯನ್ ಜನಪದ ಹಾಡಿನ ಧಾಟಿ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ ಮೊಳಗಿತು. ‘ರೋಮನ್ ಸಾಮ್ರಾಜ್ಯ’ ಎಂದು ಶ್ಲೇಷೆ ಮಾಡಿ ಬ್ಯಾನರ್ ಕಟ್ಟಿದರು. ಬೈಗುಳ ಬಿರುದಾಯಿತು.

ನನ್ನ ಸಂಶೋಧನೆಯ ವಿಷಯ ಮದುವೆಗಳಲ್ಲಿ ಹೆಂಗಸರು ಹಾಡುವ ಬೀಗರ ಹಾಡುಗಳು. ಎರಡೂ ಕಡೆಯವರು ಒಬ್ಬರನ್ನೊಬ್ಬರು ಹಳಿದು ಹಾಡುವ ಹಾಡುಗಳು ಅವು. ಗಂಡಿನ ಕಡೆಯ ಬೀಗಿತ್ತಿಯ ಮೂಗು, ಹೊಟ್ಟೆ, ಎಲೆಯ ಮುಂದೆ ಕೂತು ಅವಳು ಉಣ್ಣುವ ಪರಿ ಯಾವುದನ್ನೂ ಬಿಡುವುದಿಲ್ಲ. ಅವಳೂ ಸುಮ್ಮನಿರುವವಳಲ್ಲ, ತಿರುಗಿ ಹಾಡುತ್ತಾಳೆ. ನಾನು ರೆಕಾರ್ಡ್ ಮಾಡಿಕೊಂಡ ಹಾಡುಗಳನ್ನು ಬರೆದಿಳಿಸುವಾಗ ಒಂದು ವಿಷಯ ನನ್ನನ್ನು ಕಾಡತೊಡಗಿತು. ಇಷ್ಟೆಲ್ಲ ಹಳಿಯುವ ಹಾಡುಗಳಲ್ಲಿ, ಆ ಮದುವೆಗೆ ಮುಂಚೆ ಒಳಮನೆಯಲ್ಲಿ ಕೂತು ಮಾತಾಡಿ ಮುಗಿಸಿದ ವರದಕ್ಷಿಣೆಯ ಲೆಕ್ಕ ಬರುವುದೇ ಇಲ್ಲ. ಒಬ್ಬ ಅಜ್ಜಿಯನ್ನು ಕೇಳಿಯೂ ಕೇಳಿದೆ. ‘ಅದ್ನ ಹಾಡುದ್ರೆ ಮದ್ವೆ ನಿಂತೋಯ್ತದೆ ಕಣಪ್ಪ’ ಎಂದರು.

ಅಬ್ರಮೊವಿಚ್‌ನನ್ನು ಕುರಿತು ನಾವು ಆಡಿದ್ದೆಲ್ಲ ಬೀಗರ ಹಾಡೇ. ಹೊಸ ಶ್ರೀಮಂತ, ಪರದೇಶಿ, ಇತಿಹಾಸವಿಲ್ಲದವನು ಎಂದೆವು. ಮೂಗು, ಹೊಟ್ಟೆ, ಉಣ್ಣುವ ಪರಿ. ಒಳಮನೆಯ ಲೆಕ್ಕ ಬೇರೆ ಇತ್ತು, ಅದು ಗುಟ್ಟೇನೂ ಆಗಿರಲಿಲ್ಲ. 1995ರಲ್ಲಿ ರಷ್ಯಾದ ಸರಕಾರ ಸಾಲಕ್ಕೆ ಬದಲಾಗಿ ಸಾರ್ವಜನಿಕ ಕಂಪನಿಗಳ ಷೇರನ್ನು ಹರಾಜು ಹಾಕಿದಾಗ, ಬೋರಿಸ್ ಬೆರೆಝೋವ್ಸ್ಕಿಯ ರಾಜಕೀಯ ಆಶ್ರಯದಲ್ಲಿ, ಸಿಬ್ನೆಫ್ಟ್ ಎಂಬ ತೈಲ ಕಂಪನಿ ಸುಮಾರು 10 ಕೋಟಿ ಡಾಲರಿಗೆ ಈ ಬಳಗದ ಕೈಸೇರಿತು. ಹತ್ತು ವರ್ಷದ ನಂತರ ಅಬ್ರಮೊವಿಚ್ ತನ್ನ ಪಾಲನ್ನು ಸರಕಾರಿ ಕಂಪನಿ ಗಾಝ್‌ಪ್ರಾಮ್‌ಗೆ ಮಾರಿದ್ದು ಸುಮಾರು 1,300 ಕೋಟಿ ಡಾಲರಿಗೆ. ಮುಂದೆ ಬೆರೆಝೋವ್ಸ್ಕಿ ತನಗೂ ಪಾಲು ಬರಬೇಕೆಂದು ದಾವೆ ಹೂಡಿದ. 2011ರಲ್ಲಿ ಅದರ ವಿಚಾರಣೆ ನಡೆದದ್ದು ಲಂಡನ್ನಿನ ನ್ಯಾಯಾಲಯದಲ್ಲೇ. ಅವನು ಪಾಲುದಾರನಲ್ಲ, ರಕ್ಷಣೆಗಾಗಿ ಅವನಿಗೆ ಹಣ ಕೊಟ್ಟೆ ಎಂಬುದು ಅಬ್ರಮೊವಿಚ್‌ನ ವಾದ. ಅದಕ್ಕೆ ಬಳಕೆಯಾದ ರಷ್ಯನ್ ಪದ ‘ಕ್ರಿಷಾ’, ಅಂದರೆ ಸೂರು. 2012ರಲ್ಲಿ ಅಬ್ರಮೊವಿಚ್ ಗೆದ್ದ. ಇಷ್ಟು ಒಳ್ಳೆಯ ಪದ ತಾನಾಗಿ ಕೈಗೆ ಬಂದರೂ ಯಾವ ಎದುರಾಳಿ ಗ್ಯಾಲರಿಯೂ ಅದರಿಂದ ಹಾಡು ಕಟ್ಟಿದ್ದನ್ನು ನಾನು ಕೇಳಿಲ್ಲ.

ಯಾಕೆ? ಅಜ್ಜಿಯ ಉತ್ತರವೇ ಸಾಕೆನ್ನಿಸುತ್ತದೆ, ಅದರ ಪುರಾವೆ ನಮ್ಮ ಮನೆಯಲ್ಲೇ ಇದೆ. ರಷ್ಯನ್ ಟ್ಯಾಂಕಿನ ಮಾತಾಡಿದ ಅದೇ ಡೇವಿಡ್ ಡೀನ್ 2007ರ ಆಗಸ್ಟಿನಲ್ಲಿ ಆರ್ಸೆನಲ್‌ನ ತನ್ನ ಷೇರುಗಳನ್ನು ಏಳೂವರೆ ಕೋಟಿ ಪೌಂಡಿಗೆ ಮಾರಿದ. ಕೊಂಡದ್ದು ರೆಡ್ ಅಂಡ್ ವೈಟ್ ಎಂಬ ಕಂಪನಿ. ಅದರ ಹಿಂದೆ ಇದ್ದವನು ರಷ್ಯಾದ ಇನ್ನೊಬ್ಬ ಕುಬೇರ, ಉಜ್ಬೇಕ್ ಮೂಲದ ಅಲಿಶೇರ್ ಉಸ್ಮಾನೋವ್. ಡೀನ್ ಸ್ವಲ್ಪ ಕಾಲ ಆ ಕಂಪನಿಯ ಅಧ್ಯಕ್ಷನೂ ಆಗಿದ್ದ. ಕಂಪನಿಯ ಹೆಸರಿನಲ್ಲಿದ್ದದ್ದು ನಮ್ಮ ಜೆರ್ಸಿಯ ಬಣ್ಣಗಳೇ. ಉಸ್ಮಾನೋವ್‌ನ ಪಾಲು ಮುಂದೆ ಶೇ. 30ರಷ್ಟಾಯಿತು. 2018ರಲ್ಲಿ ಅವನು ಅದನ್ನು ಅಮೆರಿಕದ ಸ್ಟ್ಯಾನ್ ಕ್ರೋಂಕೆಗೆ ಮಾರಿಹೋದ. ಆ ವರ್ಷಗಳಲ್ಲಿ ಕ್ರೋಂಕೆ ಜಿಪುಣ, ಉಸ್ಮಾನೋವ್ ಬಂದರೆ ದುಡ್ಡು ಸುರಿಯುತ್ತಾನೆ ಎಂದು ಆಸೆಪಟ್ಟ ಆರ್ಸೆನಲ್ ಅಭಿಮಾನಿಗಳನ್ನು ನಾನು ಬಲ್ಲೆ. ಸ್ಕೂಲಿನಲ್ಲಿದ್ದ ನಾನೂ ಅವರಲ್ಲೊಬ್ಬ. ನಮಗೆ ಟ್ಯಾಂಕು ಬೇಡವಾಗಿರಲಿಲ್ಲ. ಅದು ನಮ್ಮ ಕಡೆ ಮುಖ ಮಾಡಿರಬಾರದಿತ್ತು, ಅಷ್ಟೆ.

2022ರ ಫೆಬ್ರುವರಿಯಲ್ಲಿ ಟ್ಯಾಂಕುಗಳು ಉಕ್ರೇನಿಗೆ ನುಗ್ಗಿದವು. ಮಾರ್ಚ್ 5ರಂದು ಬರ್ನ್ಲಿಯಲ್ಲಿ, ಉಕ್ರೇನಿಗಾಗಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದ ನಿಮಿಷದಲ್ಲಿ ಚೆಲ್ಸಿ ಅಭಿಮಾನಿಗಳು ಅಬ್ರಮೊವಿಚ್‌ನ ಹೆಸರು ಕೂಗಿದರು. ಇದು ಅದಕ್ಕೆ ಸಮಯವಲ್ಲ ಎಂದು ಅವರ ಕೋಚ್ ಥಾಮಸ್ ಟುಖೆಲನೇ ಹೇಳಬೇಕಾಯಿತು. 10ರಂದು ಬ್ರಿಟನ್ ಸರಕಾರ ಅಬ್ರಮೊವಿಚ್‌ನ ಆಸ್ತಿಯನ್ನು ಸ್ತಂಭನಗೊಳಿಸಿತು. ಕ್ಲಬ್ಬು ಹೊಸದಾಗಿ ಟಿಕೆಟ್ ಮಾರುವಂತಿಲ್ಲ, ಜೆರ್ಸಿ ಮಾರುವಂತಿಲ್ಲ. ಹೊರಗಿನ ಪಂದ್ಯಕ್ಕೆ ಪ್ರಯಾಣದ ಖರ್ಚು 20,000 ಪೌಂಡ್ ಮೀರುವಂತಿಲ್ಲ. ಆ ರಾತ್ರಿ ನಮ್ಮ ಟಿವಿ ರೂಮಿನಲ್ಲಿ ಹಬ್ಬ. ‘ಇನ್ಮೇಲೆ ಮ್ಯಾಚಿಗೆ ಬಿಎಂಟಿಸೀಲಿ ಹೋಗ್ಬೇಕು, ಡೈಲಿ ಪಾಸ್ ಮಾಡಿಸ್ಕೊಳ್ಳಿ’ ಎಂದವನು ನಾನೇ. ಒಳ್ಳೆಯ ನಗೆ ಸಿಕ್ಕಿತು. ಆ ಮಾತಿನಲ್ಲಿ ಯುದ್ಧವಿರಲಿಲ್ಲ, ಉಕ್ರೇನ್ ಇರಲಿಲ್ಲ. ಒಂದು ವಾರದ ಮುಂಚೆ, 3ನೇ ತಾರೀಖು, ಅದೇ ಸರಕಾರ ಉಸ್ಮಾನೋವ್ ಮೇಲೂ ಅದೇ ನಿರ್ಬಂಧ ಹೇರಿತ್ತು. ಅದನ್ನು ಯಾರೂ ಎತ್ತಲಿಲ್ಲ.

ಚೆಲ್ಸಿಯ ಕಟ್ಟಾ ಅಭಿಮಾನಿಯಾದ ನನ್ನ ಗೆಳೆಯ ಆ ನಗೆಯ ನಡುವೆ ಎದ್ದುಹೋದ. ಸೋತ ಸಿಟ್ಟು ಎಂದುಕೊಂಡೆ. ಎರಡು ದಿನ ಬಿಟ್ಟು ಮೆಸ್ಸಿನಲ್ಲಿ ಕೇಳಿದ: ‘ಮಗಾ, ದುಡ್ಡು ಎಲ್ಲಿಂದು ಅಂತ 2003ರಿಂದ್ಲೂ ನಿಮಗೆ ಗೊತ್ತಿತ್ತಲ್ವಾ? ನಾನಂತೂ ಕುರುಡ, ನನ್ ಟೀಮು. ನಿಮಗೇನಾಗಿತ್ತು?’

ಈ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಲ್ಲ. ಒಂದು ಕ್ಲಬ್ಬಿನ ಒಡೆಯನನ್ನು ಅದರ ಅಭಿಮಾನಿಗಳು ಪ್ರಶ್ನಿಸಲಾರರು. ಕಪ್ಪು ಗೆಲ್ಲಿಸಿಕೊಟ್ಟವನಿಗೆ ಅವರು ಋಣಿಗಳು. ಇನ್ನುಳಿದವರು ಎದುರಾಳಿಗಳು ಮಾತ್ರ. ಆಟದ ಲೋಕದೊಳಗೆ ವಿಮರ್ಶೆಯ ಕೆಲಸ ಅವರ ಪಾಲಿಗೇ ಬಿದ್ದಿದೆ. ಅವರಿಗೆ ಮತ್ಸರವಿದೆ, ನಿಜ. ಮತ್ಸರದಿಂದ ಹುಟ್ಟಿದ ಮಾತ್ರಕ್ಕೆ ಒಂದು ಮಾತು ಸುಳ್ಳಾಗುವುದಿಲ್ಲ. ನಮ್ಮ ಸಾಹಿತ್ಯದ ಜಗಳಗಳಲ್ಲೂ ಎದುರು ಪಾಳಯದವರು ಕಂಡ ದೋಷ ಎಷ್ಟೋ ಸಲ ನಿಜವೇ ಆಗಿರುತ್ತದೆ. ತೊಂದರೆ ಬೇರೆ. ತನಗೆ ತಿರುಗಿ ಬೀಳಬಹುದಾದ ಪ್ರಶ್ನೆಯನ್ನು ಮತ್ಸರ ಕೇಳುವುದೇ ಇಲ್ಲ.

ಕೇಳಿದವರೂ ಇದ್ದಾರೆ. 2021ರ ಅಕ್ಟೋಬರಿನಲ್ಲಿ ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿಯ ನೇತೃತ್ವದ ಕೂಟ ನ್ಯೂಕಾಸಲ್ ಕ್ಲಬ್ಬನ್ನು ಕೊಂಡಾಗ, ಅಲ್ಲಿನ ಕೆಲವು ಅಭಿಮಾನಿಗಳು ತಲೆಗೆ ಅರಬ್ಬರ ವಸ್ತ್ರ ಸುತ್ತಿಕೊಂಡು ಬೀದಿಗಿಳಿದರು. ಚೆಲ್ಸಿಯ ತುಪ್ಪುಳದ ಟೋಪಿಯ ತಮ್ಮ ಎನ್ನಿ. ಎರಡು ವಾರದ ನಂತರ ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ ಎದುರಾಳಿ ಅಭಿಮಾನಿಗಳು ಒಂದು ದೊಡ್ಡ ಬ್ಯಾನರ್ ಬಿಚ್ಚಿದರು. ಕ್ಲಬ್ಬಿನ ಒಡೆಯನಾಗಲು ಲೀಗ್ ನಡೆಸುವ ಅರ್ಹತಾ ಪರೀಕ್ಷೆಯ ಅಣಕು ಅದು. ಶಿರಚ್ಛೇದ, ಕೊಲೆ, ಮಾತಿನ ಮೇಲಿನ ನಿರ್ಬಂಧ ಇವೆಲ್ಲ ಪಟ್ಟಿಯಾಗಿ, ಒಂದೊಂದರ ಮುಂದೆಯೂ ಸರಿ ಗುರುತು. ಯಾರೋ ದೂರಿತ್ತು ಪೊಲೀಸರು ವಿಚಾರಿಸಿದರು, ಅಪರಾಧವೇನೂ ಇಲ್ಲವೆಂದು ಬಿಟ್ಟರು. ಕಲೆಯಾಗಿ ಅದು ಒರಟು. ಡೀನ್‌ನ ರೂಪಕದ ಚುರುಕು ಅದಕ್ಕಿಲ್ಲ, ನಗುವೂ ಬರುವುದಿಲ್ಲ. ಆದರೆ ಅದು ಒಳಮನೆಯ ಲೆಕ್ಕವನ್ನು ಹಾಡಿತು. ಪ್ಯಾಲೇಸ್‌ಗೆ ನ್ಯೂಕಾಸಲ್ ನೆರೆಯೂ ಅಲ್ಲ, ಹಳೆಯ ವೈರಿಯೂ ಅಲ್ಲ. ಬಹುಶಃ ಅದಕ್ಕೇ ಸಾಧ್ಯವಾಯಿತು.

ನಾನು ಇನ್ನೊಂದು ಬದಿಯಲ್ಲೂ ಕೂತಿದ್ದೇನೆ. ಆರ್‌ಸಿಬಿ ಸೋತಾಗಲೆಲ್ಲ ಚೆನ್ನೈ ಕಡೆಯ ಸಹಪಾಠಿಗಳು ವಿಜಯ್ ಮಲ್ಯ ಹೆಸರೆತ್ತಿ ಕಿಚಾಯಿಸುತ್ತಿದ್ದರು. ನಮ್ಮ ಮಾಜಿ ಮಾಲೀಕ, ಸಾಲ, ಲಂಡನ್. ‘ಅವನಿಗೂ ಟೀಮಿಗೂ ಏನ್ ಸಂಬಂಧ ಈಗ’ ಎಂದು ನಾನು ಕೆರಳುತ್ತಿದ್ದೆ. 2025ರ ಜೂನ್ 3ರಂದು ಕಪ್ಪು ಗೆದ್ದ ರಾತ್ರಿ ಮಲ್ಯ ಹಾಕಿದ ಅಭಿನಂದನೆಯ ಪೋಸ್ಟನ್ನು ನಾನೂ ಖುಷಿಯಿಂದ ಗೆಳೆಯರಿಗೆ ಕಳಿಸಿದೆ. ಸಂಬಳ ಸಿಗದೆ ಹೋದ ಕಿಂಗ್‌ಫಿಷರ್ ಏರ್‌ಲೈನ್ಸ್ ನೌಕರರ ನೆನಪು ಅವತ್ತು ನನಗಾಗಲಿಲ್ಲ. ಚೆನ್ನೈಯವರಿಗೂ ಆಗಿರಲಿಲ್ಲ. ಅವರ ಕಿಚಾಯಿಸುವಿಕೆಯಲ್ಲಿ ಆ ನೌಕರರು ಯಾವತ್ತೂ ಇರಲಿಲ್ಲ.

ಅಬ್ರಮೊವಿಚ್ ಈಗ ‘ಮಾಜಿ’. 2022ರ ಮೇ ತಿಂಗಳಲ್ಲಿ ಚೆಲ್ಸಿಯನ್ನು ಟಾಡ್ ಬೋಲಿ ಮತ್ತು ಕ್ಲಿಯರ್‌ಲೇಕ್ ಕೂಟ ಕೊಂಡಿತು. ಮರು ಋತುವಿನಲ್ಲಿ ತಂಡ ಹನ್ನೆರಡನೇ ಸ್ಥಾನಕ್ಕೆ ಕುಸಿಯಿತು. ನಮ್ಮ ವರಸೆಯೂ ಬದಲಾಯಿತು. ‘ರೋಮನ್ ಇದ್ದಿದ್ರೆ ಹಿಂಗಾಗ್ತಿತ್ತಾ’ ಎಂದು ಆರ್ಸೆನಲ್ಲಿಗರೇ ಕೆಣಕುತ್ತೇವೆ. ಆಟ ಗೊತ್ತಿದ್ದವನು, ಕೋಚ್‌ಗಳನ್ನು ಮುಲಾಜಿಲ್ಲದೆ ಮನೆಗೆ ಕಳಿಸುತ್ತಿದ್ದವನು, ಒಳ್ಳೆಯ ವೈರಿ. ಹೊಸ ಒಡೆಯನನ್ನು ಹಳಿಯಲು ಹಳೆಯವನ ಹೊಗಳಿಕೆ. ಇದು ತಮಾಷೆಯಂತೆ ಕಂಡರೂ ನನಗೆ ಹಳೆಯ ಬೈಗುಳಕ್ಕಿಂತ ಹೆಚ್ಚು ಕಸಿವಿಸಿ ಹುಟ್ಟಿಸುತ್ತದೆ. ಅಬ್ರಮೊವಿಚ್‌ನ ಹೆಸರನ್ನು ತೊಳೆಯುವ ಕೆಲಸವನ್ನು ಚೆಲ್ಸಿಯ ಗ್ಯಾಲರಿ ಅರ್ಧಕ್ಕೆ ಬಿಟ್ಟಿತ್ತು. ಅದನ್ನು ಸಂಬಳವಿಲ್ಲದೆ ಮುಗಿಸಿಕೊಡುತ್ತಿರುವವರು ನಾವು.

ಕ್ಲಬ್ಬಿನ ಮಾರಾಟದಿಂದ ಬಂದದ್ದು 250 ಕೋಟಿ ಪೌಂಡ್. ಯುದ್ಧದ ಸಂತ್ರಸ್ತರಿಗೆ ಎಂದು ಅಬ್ರಮೊವಿಚ್ ಹೇಳಿದ್ದ. ಉಕ್ರೇನಿನೊಳಗಿನವರಿಗೆ ಮಾತ್ರವೋ, ಯುದ್ಧದಿಂದ ನೊಂದ ಎಲ್ಲರಿಗೋ ಎಂಬ ವಾದದಲ್ಲಿ ಹಣ ಅಲ್ಲೇ ನಿಂತಿತು. ಡೀನ್‌ನ ಐವತ್ತು ಪೌಂಡಿನ ನೋಟುಗಳಲ್ಲಿ ಎಣಿಸಿದರೆ ಐದು ಕೋಟಿ ನೋಟು. 2025ರಲ್ಲೂ ಅವು ಬ್ರಿಟನ್ನಿನ ಬ್ಯಾಂಕ್ ಖಾತೆಯೊಂದರಲ್ಲಿ ಹಾಗೇ ಬಿದ್ದಿದ್ದವು. ಮೊನ್ನೆ ಚೆಲ್ಸಿ ಪಂದ್ಯ ನೋಡುವಾಗ ಗೆಳೆಯನಿಗೆ ಇದನ್ನು ಹೇಳಿದೆ. ಅವನು ಟಿವಿಯಿಂದ ಕಣ್ಣು ತೆಗೆಯದೆ, ‘ನಿಮ್ ಉಸ್ಮಾನೋವ್ ಕೊಟ್ಟ ಏಳೂವರೆ ಕೋಟಿ ಎಲ್ಲಿದೆ?’ ಎಂದ.