ಕನ್ನಡದ ವಿದ್ಯಾರ್ಥಿಯ ಇಂಗ್ಲಿಷ್ ತಪ್ಪುಗಳು

ಕನ್ನಡ ಶಾಲೆಯಲ್ಲಿ ಓದಿ ಇಂಗ್ಲಿಷನ್ನು ಕಲಿಯತೊಡಗಿದ ಹುಡುಗನು ಏಳೆಂಟು ವರ್ಷಗಳ ವ್ಯಾಸಂಗದ ಬಳಿಕವೂ ಆ ಭಾಷೆಯಲ್ಲಿ ಹತ್ತು ಸಾಲಿನ ಕಾಗದವೊಂದನ್ನು ತಪ್ಪಿಲ್ಲದೆ ಬರೆಯಲಾರನೆಂಬ ದೂರು ವಿದ್ಯಾವಂತರ ಮನೆಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿರುವುದು. ದೂರಿಗೆ ಕಾರಣವನ್ನು ಹುಡುಕುವಲ್ಲಿ ಮಾತ್ರ ಒಮ್ಮತವಿಲ್ಲ. ತಂದೆಯು ಹುಡುಗನ ಸೋಮಾರಿತನವೆನ್ನುವನು. ಉಪಾಧ್ಯಾಯನು ಮನೆಯ ವಾತಾವರಣವೆನ್ನುವನು. ಇಬ್ಬರೂ ಕೂಡಿದಾಗ ತಪ್ಪನ್ನು ಕನ್ನಡದ ಮೇಲೆ ಹೊರಿಸುವರು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವುದೇ ಕೇಡಿನ ಮೂಲ, ಕನ್ನಡವನ್ನು ಮರೆತ ಹೊರತು ಇಂಗ್ಲಿಷು ಬಾರದು ಎಂಬ ಮಾತು ಈಗ ಸಿದ್ಧಾಂತವೊಂದರ ಗೌರವವನ್ನೇ ಪಡೆದುಬಿಟ್ಟಿದೆ. ಅದು ಅರ್ಧ ನಿಜ. ಅರ್ಧ ನಿಜವಾದುದರಿಂದಲೇ ಅಪಾಯಕರ. ಹುಡುಗನು ಕನ್ನಡದಲ್ಲಿ ಯೋಚಿಸುವನೆಂಬುದು ದಿಟ. ಆದರೆ ಅವನ ತಪ್ಪುಗಳನ್ನು, ಗ್ರಂಥವೊಂದನ್ನು ಪರಿಶೀಲಿಸುವಷ್ಟು ಸಾವಧಾನದಿಂದ ಪರಿಶೀಲಿಸಿದವರು ಕಡಮೆ. ಹಾಗೆ ಪರಿಶೀಲಿಸಿದಲ್ಲಿ ಅವುಗಳಲ್ಲಿ ಬಹುಪಾಲು ಒಂದು ವ್ಯಾಕರಣಕ್ಕೆ ನಿಷ್ಠೆಯಿಂದ ನಡೆದುಕೊಂಡುದರ ಫಲವೆಂದು ತೋರಿಬರುವುದು. ಆ ವ್ಯಾಕರಣವು ಇಂಗ್ಲಿಷಿನದಲ್ಲವೆಂಬುದೊಂದೇ ಅದರ ಕೊರತೆ.

ಹಿಂದಿನ ದಿನ ನೆರೆಯವರ ಮನೆಗೆ ಹೋಗಿದ್ದ ಹುಡುಗನು ಅವರಿಗೆ "ಐ ಹ್ಯಾಡ್ ಕಮ್ ಟು ಯುವರ್ ಹೌಸ್ ಯೆಸ್ಟರ್‌ಡೇ" ಎಂದು ಬರೆಯುವನು. ಪರೀಕ್ಷಕನು 'ಹ್ಯಾಡ್ ಕಮ್' ಎಂಬುದನ್ನು ಕೆಂಪು ಮಸಿಯಿಂದ ಹೊಡೆದುಹಾಕಿ 'ಕೇಮ್' ಎಂದು ತಿದ್ದುವನು. ತಿದ್ದಿದುದು ಸರಿಯೆ. ಆದರೆ ಹುಡುಗನು 'ಹ್ಯಾಡ್' ಎಂಬುದನ್ನು ಎಲ್ಲಿಂದ ತಂದನು? ಕನ್ನಡದಲ್ಲಿ "ನಿನ್ನೆ ನಿಮ್ಮ ಮನೆಗೆ ಬಂದೆ" ಎಂದಷ್ಟೇ ಹೇಳಿದರೆ ಮಾತು ಅರ್ಧಕ್ಕೆ ನಿಂತಂತಾಗುವುದು. ಬಂದ ಮೇಲೆ ಏನಾಯಿತೆಂದು ಕೇಳುವವನು ಕಾದಿರುವನು. "ಬಂದಿದ್ದೆ" ಎಂದಾಗ ಬಂದ ಕ್ರಿಯೆಯೂ, ಬಂದು ಇದ್ದ ಸ್ಥಿತಿಯೂ, ಆ ಸ್ಥಿತಿ ಈಗ ಮುಗಿದುಹೋಯಿತೆಂಬ ಸೂಚನೆಯೂ ಒಂದೇ ಪದದಲ್ಲಿ ಅಡಕವಾಗುವುವು. ಬಂದವನು ಈಗ ಅಲ್ಲಿಲ್ಲ. ಅದನ್ನು ಬೇರೆ ಹೇಳಬೇಕಾಗಿಲ್ಲ. ಇಂಗ್ಲಿಷಿನ 'ಹ್ಯಾಡ್ ಕಮ್' ಎಂಬುದರ ಲೆಕ್ಕವೇ ಬೇರೆ. ಗತಕಾಲದ ಇನ್ನೊಂದು ಘಟನೆಗಿಂತ ಇದು ಮುಂಚಿನದೆಂದು ತಿಳಿಸುವುದು ಅದರ ಕೆಲಸ. ಅವನು ನಿಲ್ದಾಣವನ್ನು ಸೇರುವ ವೇಳೆಗೆ ರೈಲು ಹೊರಟುಹೋಗಿತ್ತು ಎಂಬಂಥ ಕಡೆ ಕನ್ನಡದ ರೂಪವೂ ಇಂಗ್ಲಿಷಿನ ರೂಪವೂ ಜೊತೆಯಾಗಿ ನಡೆಯುವುವು. ಮೇಲಿನ ಕಾಗದದಲ್ಲಿ ಅಗಲುವುವು. ಹುಡುಗನು ಎಡವುವುದು ಈ ಅಗಲಿಕೆಯ ಎಡೆಯಲ್ಲಿ. ತರಗತಿಯಲ್ಲಿ ಅವನಿಗೆ ದೊರೆಯುವುದು 'ಪಾಸ್ಟ್ ಪರ್ಫೆಕ್ಟ್' ಎಂಬ ಹೆಸರು ಮತ್ತು ಐದು ಬಿಟ್ಟ ಸ್ಥಳಗಳ ಅಭ್ಯಾಸ. ತಿದ್ದಿದ ಹಾಳೆಯನ್ನು ನೋಡಿ ಅವನು ಕಲಿಯುವ ಪಾಠವಾದರೂ ಏನು? ಇಂಗ್ಲಿಷಿನವರಿಗೆ 'ಹ್ಯಾಡ್' ಎಂಬುದು ಕೆಲವು ವೇಳೆ ಹಿಡಿಸುವುದು, ಕೆಲವು ವೇಳೆ ಹಿಡಿಸದು, ಎಂದಿಷ್ಟೆ.

ವಿಭಕ್ತಿಗಳ ವಿಷಯವೂ ಇಂಥದೇ. ಕತ್ತಿಯಿಂದ ಕೊಯ್ದನು, ಮೈಸೂರಿನಿಂದ ಬಂದನು, ಜ್ವರದಿಂದ ಸತ್ತನು, ಎರಡು ವರ್ಷದಿಂದ ಇಲ್ಲಿರುವನು: ಈ ನಾಲ್ಕು ಕಡೆಯೂ ಕನ್ನಡಿಗನಿಗೆ 'ಇಂದ' ಎಂಬ ಒಂದೇ ಪ್ರತ್ಯಯವು ಸಾಕು. ಇಂಗ್ಲಿಷು ಇಲ್ಲಿ 'ವಿತ್', 'ಫ್ರಮ್', 'ಆಫ್', 'ಫಾರ್' ಎಂಬ ನಾಲ್ಕು ಮಾತುಗಳನ್ನು ಬೇಡುವುದು. ಕಾಲದ ವಿಚಾರದಲ್ಲಿ ಅದರ ಪಟ್ಟು ಇನ್ನೂ ಬಿಗಿ. ಆರಂಭದ ಬಿಂದುವನ್ನು ಹೇಳುವಾಗ 'ಸಿನ್ಸ್', ಕಳೆದ ಅವಧಿಯನ್ನು ಹೇಳುವಾಗ 'ಫಾರ್' ಎಂಬ ಭೇದವನ್ನು ಅದು ಬಿಡದು. ೧೯೪೭ರಿಂದ ಎಂದಾಗಲೂ ಎರಡು ವರ್ಷದಿಂದ ಎಂದಾಗಲೂ ಒಂದೇ ಪ್ರತ್ಯಯವನ್ನು ಬಳಸುವ ಹುಡುಗನು "ಸಿನ್ಸ್ ಟೂ ಇಯರ್ಸ್" ಎಂದು ಬರೆದರೆ ಆಶ್ಚರ್ಯವೇನು? ಇಲ್ಲಿ ದೋಷದ ಒಂದು ಪಾಲು ಕನ್ನಡ ವ್ಯಾಕರಣದ ಬೋಧನೆಗೂ ಸಲ್ಲಬೇಕು. ಸಂಸ್ಕೃತದ ಮೇಲ್ಪಂಕ್ತಿಯಂತೆ ಪಂಚಮಿಗೆ 'ದೆಸೆಯಿಂದ' ಎಂಬ ರೂಪವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವರು. ಆಡುವ ಮಾತಿನಲ್ಲಿ ಅದನ್ನು ಬಳಸುವ ಪ್ರಾಣಿ ಯಾವ ಜಿಲ್ಲೆಯಲ್ಲಿಯೂ ಸಿಕ್ಕದು. 'ಇಂದ' ಎಂಬುದೊಂದೇ ಸಾಧನವನ್ನೂ ಅಪಾದಾನವನ್ನೂ ಹೇತುವನ್ನೂ ಕಾಲವನ್ನೂ ಹೊರುವುದೆಂದು ಕನ್ನಡದ ಪಾಠದಲ್ಲಿಯೇ ತಿಳಿಸಿದ್ದರೆ ಇಂಗ್ಲಿಷಿನ ಪಾಠವು ಅರ್ಧ ಮುಗಿದಂತೆ.

'ಎ' ಮತ್ತು 'ದಿ' ಎಂಬ ಎರಡು ಅಣುಗಳಂತೂ ವಿದ್ವಾಂಸರನ್ನೂ ಮುದಿತನದ ವರೆಗೆ ಕಾಡುವುವು. ಕನ್ನಡದಲ್ಲಿ ಅವುಗಳಿಗೆ ಸಮನಾದ ಪದವಿಲ್ಲವೆಂದು ಹೇಳಿ ಉಪಾಧ್ಯಾಯನು ಕೈತೊಳೆದುಕೊಳ್ಳುವನು. ಪದವಿಲ್ಲವೆಂಬುದು ನಿಜ, ಭೇದವೇ ಇಲ್ಲವೆಂಬುದು ಸುಳ್ಳು. "ಪುಸ್ತಕ ತಾ" ಎಂದು ತಾಯಿ ಹೇಳಿದರೆ ಮಗನು ಯಾವುದಾದರೊಂದು ಪುಸ್ತಕವನ್ನು ತರಬಹುದು. "ಪುಸ್ತಕವನ್ನು ತಾ" ಎಂದರೆ ಇಬ್ಬರಿಗೂ ಗೊತ್ತಿರುವ ಆ ಪುಸ್ತಕವನ್ನೇ ತರಬೇಕು. ನಿರ್ಜೀವ ವಸ್ತುಗಳನ್ನು ಕುರಿತ ಮನೆಮಾತಿನಲ್ಲಿ ದ್ವಿತೀಯಾ ಪ್ರತ್ಯಯವು ಇರುವುದರಿಂದಲೂ ಇಲ್ಲದಿರುವುದರಿಂದಲೂ ತಿಳಿದ ವಸ್ತುವಿಗೂ ತಿಳಿಯದ ವಸ್ತುವಿಗೂ ಇರುವ ಅಂತರವು ಹೊಳೆಯುವುದು. ನಿಯಮಕ್ಕೆ ಅಪವಾದಗಳುಂಟು, ಗ್ರಂಥಭಾಷೆಯು ಎಲ್ಲೆಡೆಯೂ 'ಅನ್ನು' ಹಚ್ಚಿ ಈ ಸೂಕ್ಷ್ಮವನ್ನು ಅಳಿಸಿಹಾಕುವುದೂ ಉಂಟು. ಆದರೂ ಐದು ವರ್ಷದ ಮಗುವಿಗೆ ಈ ಭೇದವು ಕರತಲಾಮಲಕವಾಗಿರುವಾಗ, ಹದಿನೈದು ವರ್ಷದ ವಿದ್ಯಾರ್ಥಿಗೆ ಅದನ್ನು ಅಪೂರ್ವ ರಹಸ್ಯದಂತೆ ಉಪದೇಶಿಸುವುದು ವಿಚಿತ್ರವಲ್ಲವೆ?

ಇವೆಲ್ಲಕ್ಕಿಂತ ಗಹನವಾದುದು ಕೃದಂತ ವಿಶೇಷಣದ ಪ್ರಶ್ನೆ. ಬರೆದ ಹುಡುಗ, ಬರೆದ ಕಾಗದ, ಬರೆದ ಲೇಖನಿ, ಬರೆದ ದಿನ, ಬರೆದ ಕೊಠಡಿ: 'ಬರೆದ' ಎಂಬುದು ಐದು ಕಡೆಯೂ ಒಂದೇ. ಹುಡುಗನು ಬರೆದವನು, ಕಾಗದವು ಬರೆಯಲ್ಪಟ್ಟುದು, ಲೇಖನಿಯು ಬರೆಯುವ ಸಾಧನ, ದಿನವು ಕಾಲ, ಕೊಠಡಿಯು ಸ್ಥಳ. ಈ ಸಂಬಂಧಗಳನ್ನು ಯಾವ ಪ್ರತ್ಯಯವೂ ತಿಳಿಸುತ್ತಿಲ್ಲ. ಕೇಳುವವನ ಲೋಕಜ್ಞಾನವೇ ತುಂಬಿಕೊಳ್ಳುವುದು. ಲೇಖನಿಯು ತಾನೇ ಕುಳಿತು ಬರೆಯಿತೆಂದು ಯಾವ ಕನ್ನಡಿಗನೂ ಭ್ರಮಿಸನು. ಕೇಳುವವನ ಬುದ್ಧಿಯಲ್ಲಿ ಇಷ್ಟು ವಿಶ್ವಾಸವಿಡುವ ರಚನೆಯು ಕನ್ನಡದ ಲಾಘವಗಳಲ್ಲಿ ಒಂದು. ಇಂಗ್ಲಿಷಿಗೆ ಆ ವಿಶ್ವಾಸವಿಲ್ಲ. ಅಥವಾ ಅದರ ಸೌಜನ್ಯವು ಬೇರೆ ಬಗೆಯದು. ಹುಡುಗನಿಗೆ 'ಹೂ', ಕಾಗದಕ್ಕೆ 'ವಿಚ್', ಲೇಖನಿಗೆ 'ವಿತ್ ವಿಚ್', ದಿನಕ್ಕೆ 'ಆನ್ ವಿಚ್', ಕೊಠಡಿಗೆ 'ಇನ್ ವಿಚ್' ಎಂದು ಅದು ಸಂಬಂಧವನ್ನು ಬಾಯಿಬಿಟ್ಟು ಹೇಳಿಸುವುದು. ಮೇಲಾಗಿ ಕನ್ನಡದಲ್ಲಿ ನಾಮಪದದ ಹಿಂದೆ ನಿಂತ ವಿಶೇಷಣವನ್ನು ಅದು ಮುಂದಕ್ಕೆ ಎಳೆದುಕೊಂಡು ಹೋಗುವುದು. ಹುಡುಗನು "ದಿ ಪೆನ್ ವಿಚ್ ಐ ರೋಟ್" ಎಂದು ನಿಲ್ಲಿಸಿದಾಗ, ಅವನಿಂದ ಬಿಟ್ಟುಹೋದ 'ವಿತ್' ಎಂಬುದು ಕನ್ನಡದಲ್ಲಿ ಹೇಳದೆಯೇ ತಿಳಿಯುವ ಮಾತಾಗಿರುತ್ತದೆ.

ಈ ಅಂತರವನ್ನು ಎದುರು ದಡದಿಂದ ಕಂಡವರಿದ್ದರು. ೧೮೨೦ರಲ್ಲಿ ಮದರಾಸಿನಲ್ಲಿ ಅಚ್ಚಾದ ಮೆಕೆರೆಲ್ಲನ ಕರ್ಣಾಟಕ ವ್ಯಾಕರಣವೂ, ೧೯೦೩ರಲ್ಲಿ ಮಂಗಳೂರಿನಿಂದ ಹೊರಟ ಕಿಟ್ಟೆಲ್ಲನ ವ್ಯಾಕರಣವೂ ಇಂಗ್ಲಿಷಿನಲ್ಲಿ ಬರೆಯಲ್ಪಟ್ಟುವು. ಕನ್ನಡವನ್ನು ಕಲಿಯಬೇಕಾದ ಪರದೇಶದವನಿಗೆ ಅವನು ಬಲ್ಲ ಭಾಷೆಯಲ್ಲಿ ಕನ್ನಡದ ಜಾಡನ್ನು ತೋರಿಸುವ ಗ್ರಂಥಗಳು ಅವು. ಕಲಿಯುವವನ ಭಾಷೆಯಿಂದ ಹೊರಟು ಕಲಿಯಬೇಕಾದ ಭಾಷೆಗೆ ಸೇತುವೆ ಕಟ್ಟುವುದು ಅಧಿಕಾರಿಗಳಿಗೂ ಪಾದ್ರಿಗಳಿಗೂ ಯೋಗ್ಯವೆಂದು ಕಂಡ ಮಾರ್ಗ. ಹಳ್ಳಿಯ ಶಾಲೆಯ ಹುಡುಗನಿಗೆ ಮಾತ್ರ ಸೇತುವೆಯಿಲ್ಲದೆ ಹೊಳೆಗೆ ಹಾರಬೇಕೆಂಬ ವಿಧಿ.

ಉಚ್ಚಾರಣೆಯ ವಿಷಯವನ್ನು ಇಲ್ಲಿ ಬೆಳೆಸಬೇಕಾದುದಿಲ್ಲ. ನಗೆಗೆ ಹೆಚ್ಚು ಗುರಿಯಾಗುವುದು ಅದೇ, ಅರ್ಥಕ್ಕೆ ಕಡಮೆ ಕೆಡುಕು ಮಾಡುವುದೂ ಬಹುಮಟ್ಟಿಗೆ ಅದೇ. ಅಚ್ಚಗನ್ನಡದ ಮಾತುಗಳು ಸ್ವರದಲ್ಲಿ ಮುಗಿಯುವುದರಿಂದ ಬಸ್ಸು, ಕಾರು, ಪೆನ್ನು ಎಂದಾಗುವುವು. ಮೊದಲಲ್ಲಿ ಒತ್ತಕ್ಷರ ಬಂದಾಗ ಇಸ್ಕೂಲು ಎಂದಾಗುವುದು. 'ಎ'ಕಾರಕ್ಕೆ ಯಕಾರದ ನೆರಳು ಬಿದ್ದು ಕೋಳಿಯ ಮೊಟ್ಟೆ 'ಯೆಗ್ಗು' ಆಗುವುದು. ಬರೆದಂತೆ ಓದುವ ಲಿಪಿಯಲ್ಲಿ ಬೆಳೆದವನಿಗೆ 'ದೋ', 'ಥ್ರೂ', 'ಟಫ್', 'ಕಾಫ್' ಎಂಬ ನಾಲ್ಕು ಪದಗಳ ಕೊನೆಯಲ್ಲಿ ಒಂದೇ ನಾಲ್ಕು ಅಕ್ಷರಗಳಿರುವುದೆಂದು ತಿಳಿದಾಗ ಲಿಪಿಯೆಂಬ ಸಂಸ್ಥೆಯಲ್ಲಿಯೇ ನಂಬಿಕೆ ಹೋಗುವುದು. ಇಂಗ್ಲೆಂಡಿನ ಮಕ್ಕಳಿಗೂ ಈ ಕಷ್ಟ ತಪ್ಪಿದುದಲ್ಲ.

ಬೋಧನಾಕ್ರಮಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ವ್ಯಾಕರಣಸೂತ್ರ ಮತ್ತು ಭಾಷಾಂತರದ ಹಳೆಯ ಕ್ರಮವು ಪದಕ್ಕೆ ಪದವನ್ನು ಇಟ್ಟು ರಚನೆಯನ್ನು ಮರೆಯಿತು. ಕನ್ನಡವನ್ನು ತರಗತಿಯ ಬಾಗಿಲಲ್ಲಿ ಬಿಟ್ಟು ಒಳಗೆ ಬಾ ಎಂದ ನೇರ ಕ್ರಮವು, ಹುಡುಗನು ಅದನ್ನು ತಲೆಯೊಳಗೆ ತಂದಿರುವನೆಂಬುದನ್ನು ಗಣಿಸಲಿಲ್ಲ. ವಾಕ್ಯರಚನೆಗಳನ್ನು ಶ್ರೇಣಿಗೊಳಿಸಿ ಬಾಯಿಪಾಠ ಮಾಡಿಸುವ ಪದ್ಧತಿಯು ೧೯೫೦ರ ದಶಕದಲ್ಲಿ ದಕ್ಷಿಣದಲ್ಲಿ ಹಬ್ಬಿತು. ಇದರ ನೀರಸತೆಗೆ ಉತ್ತರವಾಗಿ ಬಂದುದು ಎನ್. ಎಸ್. ಪ್ರಭು ಅವರು ೧೯೭೯ರಿಂದ ೧೯೮೪ರ ವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ. 'ಬೆಂಗಳೂರು ಪ್ರಯೋಗ'ವೆಂದು ಅದು ಹೊರದೇಶಗಳಲ್ಲಿಯೂ ಹೆಸರಾಯಿತು. ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಮೊದಲಾದುವನ್ನು ಮುಂದಿಟ್ಟು ಲೆಕ್ಕಾಚಾರದ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಬಿಡಿಸುವಂತೆ ಮಾಡಿದರೆ, ಮನಸ್ಸು ಅರ್ಥದಲ್ಲಿ ತೊಡಗಿರುವಾಗ ವ್ಯಾಕರಣವು ತಾನಾಗಿ ಮೈಗೂಡುವುದೆಂಬುದು ಅವರ ಮತ. ಮಗುವಿನ ಬುದ್ಧಿಗೆ ಇಷ್ಟು ಮರ್ಯಾದೆ ಸಲ್ಲಿಸಿದ ಕ್ರಮ ಅಪರೂಪ. ೧೯೮೭ರಲ್ಲಿ ಪ್ರಕಟವಾದ ಅವರ ಗ್ರಂಥವು ಇಂದಿಗೂ ಓದತಕ್ಕುದು. ಆದರೆ ಒಂದು ಆಕ್ಷೇಪಕ್ಕೆ ಎಡೆಯುಂಟು. ರೈಲು ಎಷ್ಟು ಗಂಟೆಗೆ ಹೊರಡುವುದೆಂಬ ಪ್ರಶ್ನೆಗೆ ಹುಡುಗನು 'ದಿ' ಇಲ್ಲದೆಯೂ, ಕ್ರಿಯಾಪದದ ಕೊನೆಯ ಸಕಾರವಿಲ್ಲದೆಯೂ ಸರಿಯಾದ ಉತ್ತರವನ್ನು ಕೊಡಬಲ್ಲನು. ಉತ್ತರವು ಸರಿಯಾದ ಮೇಲೆ ಬಿಟ್ಟುಹೋದುದರ ಕಡೆಗೆ ಅವನ ಗಮನವನ್ನು ಎಳೆಯುವ ಶಕ್ತಿ ಯಾವುದು? ಕನ್ನಡವು ಹೇಳದೆ ಬಿಡುವುದನ್ನು ಇಂಗ್ಲಿಷು ಹೇಳಿಸುವ ಎಡೆಗಳಲ್ಲಿ ಅರ್ಥದ ಮೇಲಣ ದೃಷ್ಟಿಯೊಂದೇ ಸಾಲದೆಂದು ತೋರುವುದು. ಅಲ್ಲಿ ಎರಡು ಭಾಷೆಗಳನ್ನೂ ಪಕ್ಕದಲ್ಲಿಟ್ಟು ತೋರಿಸುವ ಕೈ ಬೇಕು.

ಅಂಥ ಕೈಗಳು ಕರ್ಣಾಟಕದಲ್ಲಿ ಇಲ್ಲದಿರಲಿಲ್ಲ. 'ಇಂಗ್ಲಿಷ್ ಗೀತಗಳು' ಎಂಬ ಅನುವಾದಗಳಿಂದ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಪ್ರಾಧ್ಯಾಪಕರು. ವಿನಾಯಕ ಕೃಷ್ಣ ಗೋಕಾಕರೂ ಎಸ್. ವಿ. ರಂಗಣ್ಣನವರೂ ಹಾಗೆಯೇ. ಇಂಗ್ಲಿಷಿನಲ್ಲಿ ಅವರ ಹಿಡಿತವು ಕನ್ನಡವನ್ನು ಮರೆತುದರಿಂದ ಬಂದಿತೆಂದು ಯಾರೂ ಹೇಳಲಾರರು. ಅವರ ಪ್ರತಿಭೆಯನ್ನು ಎಲ್ಲ ಮಕ್ಕಳಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಎರಡು ಭಾಷೆಗಳನ್ನು ಒಟ್ಟಿಗೆ ತೂಗುವ ಅಭ್ಯಾಸವು ಪ್ರತಿಭೆಯ ವಿಷಯವೇ ಅಲ್ಲ, ಪಾಠದ ವಿಷಯ. ವಿದ್ಯಾವಂತ ಮನೆತನಗಳು ಈ ಅಭ್ಯಾಸವನ್ನು ಬೆಳೆಸುವುದಕ್ಕೆ ಬದಲಾಗಿ ಮಗುವಿನ ಎದುರಿಗೆ ಒಡಕು ಇಂಗ್ಲಿಷನ್ನು ಆಡುವುದನ್ನು ಕರ್ತವ್ಯವೆಂದು ಬಗೆದಿರುವುವು. ಅಜ್ಜಿಯೊಡನೆ ಮಾತನಾಡಲಾರದ, ಇಂಗ್ಲಿಷಿನ ಪುಸ್ತಕವನ್ನೂ ಸುಖವಾಗಿ ಓದಲಾರದ ಮಕ್ಕಳು ಇದರ ಫಲ. ೨೦೧೯ರಲ್ಲಿ ಸರ್ಕಾರಿ ಶಾಲೆಗಳಲ್ಲಿಯೇ ಒಂದು ಸಾವಿರ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆಯಲ್ಪಟ್ಟಾಗ ಪರವಿರೋಧದ ವಾದಗಳೆಲ್ಲ ಮಾಧ್ಯಮವನ್ನು ಕುರಿತೇ ಭೋರ್ಗರೆದುವು. 'ಬರೆದ ಲೇಖನಿ'ಯನ್ನು ಇಂಗ್ಲಿಷಿಗೆ ದಾಟಿಸುವುದು ಹೇಗೆಂದು ಆ ವಿಭಾಗಗಳ ಉಪಾಧ್ಯಾಯನಿಗೆ ಯಾರು ಹೇಳಿಕೊಡುವರೆಂಬ ಪ್ರಶ್ನೆಯು ಆ ಗದ್ದಲದಲ್ಲಿ ಏಳಲಿಲ್ಲ.

ಇದು ಅಂಕಗಳ ಮಾತಷ್ಟೇ ಆಗಿದ್ದರೆ ಇಷ್ಟು ವಿಸ್ತರಿಸಬೇಕಾಗಿರಲಿಲ್ಲ. "ಊಟ ಮಾಡಲಿಲ್ಲವೆ?" ಎಂದು ಕೇಳಿದಾಗ ಉಪವಾಸವಿರುವ ಕನ್ನಡಿಗನು "ಹೌದು, ಮಾಡಲಿಲ್ಲ" ಎನ್ನಬಹುದು, ಅವನ 'ಹೌದು' ಕೇಳಿದವನ ಊಹೆಯನ್ನು ಒಪ್ಪುವುದು. ಇಂಗ್ಲಿಷಿನ 'ಯೆಸ್' ಕೇಳಿದವನ ಊಹೆಯನ್ನು ನೋಡುವುದಿಲ್ಲ, ನಡೆದ ಸಂಗತಿಯನ್ನು ನೋಡುವುದು. ಊಟವಾಗಿದ್ದರೆ 'ಯೆಸ್', ಇಲ್ಲದಿದ್ದರೆ 'ನೋ'. ಈ ಭೇದವನ್ನು ಯಾರೂ ಹೇಳಿಕೊಡದ ಹುಡುಗನೊಬ್ಬನು ಉದ್ಯೋಗದ ಸಂದರ್ಶನಕ್ಕೆ ಹೋಗಿ ಕುಳಿತಿರುವನೆಂದು ಭಾವಿಸಬೇಕು. ಎದುರಿಗಿರುವವರು ಒಂದು ಗ್ರಂಥದ ಹೆಸರನ್ನು ಹೇಳಿ, "ಹ್ಯಾವನ್ಟ್ ಯು ರೆಡ್ ಇಟ್?" ಎಂದು ಕೇಳುವರು. ಓದದ ಹುಡುಗನು, ಓದಲಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವ ಮನಸ್ಸಿನಿಂದಲೇ, "ಯೆಸ್" ಎನ್ನುವನು. ಹಾಗಾದರೆ ಅದರಲ್ಲಿ ಏನಿದೆಯೆಂಬುದು ಮುಂದಿನ ಪ್ರಶ್ನೆ. ಅವನು ಸುಮ್ಮನಿರುವನು. ಮೇಜಿನ ಆಚೆ ಕುಳಿತವರು ತಮ್ಮ ಹಾಳೆಯಲ್ಲಿ ಏನನ್ನೋ ಗುರುತು ಮಾಡಿಕೊಂಡು ಮುಂದಿನವನನ್ನು ಕರೆಯುವರು.