ಗಡಿರೇಖೆ ಹೇಳದ ಕೊರಿಯಾ

ಕೆಲವು ದೇಶಗಳು ಸಿರಿವಂತವಾದವು, ಕೆಲವು ಬಡತನದಲ್ಲೇ ಉಳಿದವು, ಏಕೆ? ‘ವೈ ನೇಷನ್ಸ್ ಫೇಲ್’ (2012) ಪುಸ್ತಕದಲ್ಲಿ ಡ್ಯಾರನ್ ಅಸೆಮೊಗ್ಲು ಮತ್ತು ಜೇಮ್ಸ್ ರಾಬಿನ್ಸನ್ ಕೊಡುವ ಉತ್ತರ ಒಂದೇ. ಹವಾಮಾನವಲ್ಲ, ಸಂಸ್ಕೃತಿಯಲ್ಲ, ಆಳುವವರ ಅಜ್ಞಾನವೂ ಅಲ್ಲ. ಎಲ್ಲರಿಗೂ ಅವಕಾಶ ಕೊಡುವ ವ್ಯವಸ್ಥೆ ಇದ್ದಲ್ಲಿ ನಾಡು ಏಳುತ್ತದೆ, ಕೆಲವರು ಉಳಿದವರನ್ನು ಸುಲಿಯುವ ವ್ಯವಸ್ಥೆ ಇದ್ದಲ್ಲಿ ಸೊರಗುತ್ತದೆ. ಸೈಮನ್ ಜಾನ್ಸನ್ ಜೊತೆ ಇಬ್ಬರಿಗೂ 2024ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದ ಮೇಲಂತೂ ಇದು ಪ್ರಶ್ನಿಸಬೇಕಿಲ್ಲದ ಮಾತಾಗಿಬಿಟ್ಟಿದೆ. ಒರೆಗೆ ಹಚ್ಚಲು ಇದೇ ಸಮಯ.

ವಾದಕ್ಕೆ ಬಲವಿದೆ. ಅಮೆರಿಕ–ಮೆಕ್ಸಿಕೊ ಗಡಿಯ ನೊಗಾಲೆಸ್ ಪಟ್ಟಣವನ್ನು ಬೇಲಿಯೊಂದು ಸೀಳಿದೆ. ಎರಡೂ ಕಡೆ ಅದೇ ಮಣ್ಣು, ಅದೇ ಬಿಸಿಲು. ಆದರೂ ಆದಾಯ, ಆಯುಷ್ಯ ಬೇರೆ ಬೇರೆ. ಬಡತನವನ್ನು ಬಡವರ ಸ್ವಭಾವಕ್ಕೆ ಅಂಟಿಸುವ ಹಳೆಯ ಚಾಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ.

ತಕರಾರಿರುವುದು ಲೇಖಕರು ಹೆಮ್ಮೆಯಿಂದ ಮುಂದಿಡುವ ಇನ್ನೊಂದು ಸಾಕ್ಷ್ಯದ ಬಗ್ಗೆ: ಎರಡು ಕೊರಿಯಾಗಳು. ಉತ್ತರ ಬಡವಾಗಿ ಉಳಿಯಿತು, ದಕ್ಷಿಣ ಸಿರಿವಂತವಾಯಿತು. ಆದರೆ ದಕ್ಷಿಣ ಏರಿದ ದಾರಿ ನೋಡಿ. ಅಲ್ಲಿ 1961ರಲ್ಲಿ ಸೇನಾಕ್ರಾಂತಿಯಿಂದ ಅಧಿಕಾರಕ್ಕೇರಿದ ಪಾರ್ಕ್ ಚುಂಗ್-ಹೀ ದೊಡ್ಡ ಉದ್ಯಮಿಗಳನ್ನು ಅಕ್ರಮ ಆಸ್ತಿಯ ಆರೋಪದ ಮೇಲೆ ಹಿಡಿಸಿದರು. ಸರ್ಕಾರ ಹೇಳಿದಲ್ಲಿ ಬಂಡವಾಳ ಹೂಡಲು ಒಪ್ಪಿದ ಮೇಲೆ ಬಿಟ್ಟರು. ಬ್ಯಾಂಕುಗಳು ಸರ್ಕಾರದ ಕೈಗೆ ಬಂದವು. ರಫ್ತು ಮಾಡಿ ತೋರಿಸಿದ ಕಂಪನಿಗೆ ಅಗ್ಗದ ಸಾಲ, ಕಾರ್ಮಿಕ ಸಂಘಗಳಿಗೆ ಲಾಠಿ. ಪೊಹಾಂಗ್ ಉಕ್ಕಿನ ಕಾರ್ಖಾನೆ ಲಾಭಕ್ಕೆ ಬರುವುದಿಲ್ಲವೆಂದು ವಿಶ್ವಬ್ಯಾಂಕ್ ಕೈಬಿಟ್ಟಾಗ ಜಪಾನಿನಿಂದ ವಸಾಹತು ಆಳ್ವಿಕೆಗೆ ಪರಿಹಾರವಾಗಿ ಬಂದ ಹಣವನ್ನು ಅದಕ್ಕೆ ಸುರಿದರು. 1973ರಲ್ಲಿ ಕುಲುಮೆ ಹೊತ್ತಿತು. ಜನ ಬೀದಿಗಿಳಿದು ಅಧ್ಯಕ್ಷರನ್ನು ನೇರವಾಗಿ ಆರಿಸುವ ಹಕ್ಕನ್ನು ಮರಳಿ ಪಡೆದದ್ದು 1987ರಲ್ಲಿ. ಅಷ್ಟರಲ್ಲಿ ದೇಶ ಕೈಗಾರಿಕಾ ರಾಷ್ಟ್ರವಾಗಿಬಿಟ್ಟಿತ್ತು.

ಇದನ್ನು ಲೇಖಕರು ಮುಚ್ಚಿಡುವುದಿಲ್ಲ. ರಾಜಕೀಯ ಸುಲಿಗೆಯದಾದರೂ ಆರ್ಥಿಕತೆ ಮುಕ್ತವಾಗಿತ್ತು ಎನ್ನುತ್ತಾರೆ. ಅಂದರೆ ಬೆಳವಣಿಗೆ ನಿಂತರೆ ಅದು ಸುಲಿಗೆಯ ಫಲ, ಮುಂದುವರಿದರೆ ಒಳಗೆಲ್ಲೋ ಮುಕ್ತತೆ ಇತ್ತು! ಯಾವ ಫಲಿತಾಂಶಕ್ಕೂ ಹೊಂದಿಕೊಳ್ಳುವ ಸಿದ್ಧಾಂತವನ್ನು ಪರೀಕ್ಷಿಸುವುದು ಹೇಗೆ? ಚೀನಾದ ಬಗ್ಗೆಯೂ ಇದೇ ಜಾಣತನ: ಏರಿಕೆ ಎಂದೋ ಒಂದು ದಿನ ನಿಲ್ಲುತ್ತದೆಂದು ಹೇಳಿಟ್ಟರೆ ಎಂದೂ ಸುಳ್ಳಾಗುವ ಭಯವಿಲ್ಲ.

ನನಗೆ ಹೆಚ್ಚು ಕಾಡುವ ಪ್ರಶ್ನೆ ಬೇರೆ. ಉಳ್ಳವರು ಹಿಡಿತ ಸಡಿಲಿಸುವುದು ಯಾವಾಗ? ದಕ್ಷಿಣ ಕೊರಿಯಾದಲ್ಲಿ 1950ರ ಹೊತ್ತಿಗೆ ಜಮೀನ್ದಾರರ ಭೂಮಿ ಗೇಣಿದಾರರಿಗೆ ಹಂಚಿಕೆಯಾದದ್ದು ಉತ್ತರದ ಕಮ್ಯುನಿಸ್ಟರ ಭಯ ಮತ್ತು ಅಮೆರಿಕದ ಒತ್ತಡಗಳ ನಡುವೆ. ಆ ಹಂಚಿಕೆಯಿಲ್ಲದೆ ಮುಂದಿನ ಕಥೆಯಿಲ್ಲ. ಪುಸ್ತಕ ಇಂಥ ತಿರುವುಗಳನ್ನು ಬಹುಪಾಲು ಇತಿಹಾಸದ ಆಕಸ್ಮಿಕಕ್ಕೆ ಬಿಟ್ಟುಬಿಡುತ್ತದೆ.

ಕನ್ನಡ ಓದುಗರಿಗೆ ಇದು ದೂರದ ಮಾತಲ್ಲ. ಹಿಂದೆ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ರಾಯಚೂರು, ಬೀದರ್ 1956ರಿಂದ ಬೆಂಗಳೂರಿನದೇ ಕಾನೂನು, ಅದೇ ವಿಧಾನಸಭೆಯ ಅಡಿಯಲ್ಲಿವೆ. ಆದರೂ ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ 2002ರ ನಂಜುಂಡಪ್ಪ ವರದಿ ಗುರುತಿಸಿದ ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಲಬುರಗಿ ವಿಭಾಗದವೇ. ಅಲ್ಲಿ ಬೇಲಿಯಿಲ್ಲ, ಬೇರೆ ಸಂವಿಧಾನವಿಲ್ಲ. ನಿಜಾಮರ ಕಾಲದ ಹೊರೆ ಎಷ್ಟು, ಆಮೇಲಿನ ಅಲಕ್ಷ್ಯ ಎಷ್ಟು ಎಂದು ಅಳೆಯಲು ಬಹುಪಾಲು ದೇಶವನ್ನೇ ಘಟಕವಾಗಿ ಹಿಡಿದ ಈ ಸಿದ್ಧಾಂತದಲ್ಲಿ ಅಳತೆಗೋಲಿಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ತಾನಾಗಿ ಬರಲಿಲ್ಲ; ಆ ಜಿಲ್ಲೆಗಳ ಜನ ವರ್ಷಗಟ್ಟಲೆ ಹೋರಾಡಿ ದೆಹಲಿಯಿಂದ ಅದನ್ನು ಪಡೆದರು.